ಪೆಟ್ಟಿಗೆಗೆ ಹೆಸರು ಬರೆಯುವವನು

ಪ್ರೀತಿಯ ಲಾಂದ್ರ,

ನಿನ್ನನ್ನು ಈ ಹೆಸರಿನಿಂದ ಕರೆಯುವವರು ಈ ಬೀದಿಯಲ್ಲಿ ಈಗ ಇಬ್ಬರೇ ಉಳಿದಿದ್ದೇವೆ, ನಾನು ಮತ್ತು ನನ್ನ ಅಕ್ಕನ ಮಗಳು. ಅಲ್ಲಿಯವರು ನಿನ್ನನ್ನು ಏನೆಂದು ಕರೆಯುತ್ತಾರೋ, ಅವರ ನಾಲಿಗೆ ನಿನ್ನ ನಿಜವಾದ ಹೆಸರಿಗೆ ಎಷ್ಟು ಹೊರಳುತ್ತದೋ ದೇವರೇ ಬಲ್ಲ. ನನಗಂತೂ ನೀನು ಲಾಂದ್ರವೇ. ಈ ವಯಸ್ಸಿನಲ್ಲಿ ಹೊಸ ಹೆಸರು ಕಲಿಯುವಷ್ಟು ಪುರುಸೊತ್ತು ನನಗಿಲ್ಲ.

ಫೋನಿರುವಾಗ ಇವನಿಗೇನು ಪತ್ರದ ಚಟ ಎಂದು ನಗಬೇಡ. ಫೋನಿನಲ್ಲಿ ನಾವಿಬ್ಬರೂ ನಾಟಕ ಆಡುತ್ತೇವೆ. ನೀನು ‘ಇಲ್ಲಿ ಎಲ್ಲ ಆರಾಮು ಕಣೋ’ ಅನ್ನುತ್ತೀಯ, ನಾನು ‘ಇಲ್ಲೂ ಅಷ್ಟೇ ಬಿಡು’ ಅನ್ನುತ್ತೇನೆ. ಹಿಂದೆ ನಿನ್ನ ಹೆಂಡತಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿರುತ್ತದೆ. ಅಲ್ಲಿಯ ಚಳಿ, ಇಲ್ಲಿಯ ಸೆಕೆ, ನಿನ್ನ ಮೊಣಕಾಲು, ನನ್ನ ಕಣ್ಣಿನ ಪೊರೆ, ಇಷ್ಟರಲ್ಲಿ ಮಾತು ಮುಗಿಯುತ್ತದೆ. ಈಗ ನಿನಗೊಂದು ಪ್ರಶ್ನೆ ಕೇಳಬೇಕಾಗಿದೆ. ಫೋನಿನಲ್ಲಿ ಕೇಳಿದರೆ ನಕ್ಕು ಹಾರಿಸಿಬಿಡುತ್ತೀಯ. ಫೋಟೋ ಸ್ಟುಡಿಯೋದವನ ಅಳಿಯ ಭಾನುವಾರ ನಿಮ್ಮ ಊರಿಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದಿ ಮುಗಿಸುವವರೆಗೆ ಫೋನ್ ಮುಟ್ಟಬೇಡ.

ಪ್ರಶ್ನೆ ನನ್ನದಲ್ಲ, ಗುಂಡುಸೂಜಿಯದು. ಆ ಹೆಸರನ್ನು ಇಟ್ಟವನೂ ನೀನೇ. ಅಕ್ಕ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದ ಆ ಮಗು ಬೆಳೆದದ್ದೆಲ್ಲ ಬೋರ್ಡ್ ಬರೆಯುವ ನಮ್ಮ ಅಂಗಡಿಯ ಮೇಜಿನ ಕೆಳಗೆ. ಹಿಡಿಯಷ್ಟೂ ಇರಲಿಲ್ಲ, ಬಾಯಿ ಬಿಟ್ಟರೆ ಮಾತ್ರ ಚುಚ್ಚುತ್ತಿತ್ತು. ಒಗೆದು ಇಸ್ತ್ರಿ ಮಾಡಿದ ನಿನ್ನ ಪ್ಯಾಂಟಿನ ಮೇಲೆ ಕೆಂಪು ಬಣ್ಣದ ಅಂಗೈ ಒತ್ತಿ, ‘ಲಾಂದ್ರ ಮಾಮ, ನಿಮ್ಗೂ ಬೋರ್ಡ್ ಹಾಕ್ದೆ’ ಅಂದಿದ್ದಳಲ್ಲ, ಅವಳೇ. ಈಗ ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ. ಅದು ನಿನಗೆ ಗೊತ್ತೇ ಇದೆ, ಯಾಕೆಂದರೆ ನಿಮ್ಮ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಗೊತ್ತು ಮಾಡಿದವನು ನೀನು. ವೀಸಾ ಬಂದಿದೆ. ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಈ ಸಲದ ಚುನಾವಣೆಯಲ್ಲಿ ನಮ್ಮ ವಾರ್ಡಿನ ಮೆಂಬರ್ ಎದುರು ಅವಳೇ ನಿಲ್ಲಬೇಕೆಂದು ಬೀದಿಯ ಹೆಂಗಸರೆಲ್ಲ ಪಟ್ಟು ಹಿಡಿದಿದ್ದಾರೆ. ನಾಮಪತ್ರ ಹಾಕಲು ಬರುವ ಶುಕ್ರವಾರ ಕೊನೆಯ ದಿನ. ಹುಡುಗಿ ಎರಡರ ನಡುವೆ ನೇತಾಡುತ್ತಿದ್ದಾಳೆ. ಅವಳ ಕಾಲು ಹಿಡಿದುಕೊಂಡು ನಾನೂ ನೇತಾಡುತ್ತಿದ್ದೇನೆ.

ಪ್ರಶ್ನೆ ಏನು ಅಂತ ಬೊಗಳೋ ಎಂದು ನೀನು ಬೈಯುವುದು ಕೇಳಿಸುತ್ತಿದೆ. ತಾಳು. ಮೊದಲು ಒಂದಷ್ಟು ಹಳೆಯದನ್ನು ಬರೆಯದೆ ಅಲ್ಲಿಗೆ ಬರಲು ನನಗೆ ಆಗುವುದಿಲ್ಲ.

ಅಂಗಡಿ ಹಾಗೇ ಇದೆ. ಅದೇ ಟರ್ಪೆಂಟೈನ್ ವಾಸನೆ, ಮಳೆ ಬಂದರೆ ಅದೇ ಮೂಲೆಯಲ್ಲಿ ಸೋರಿಕೆ. ಗೋಡೆಯ ಮೇಲೆ ನೀನು ಬ್ರಷ್ ಒರೆಸಿ ಒರೆಸಿ ಮಾಡಿದ ಬಣ್ಣದ ರಾಡಿಯನ್ನು ನಾನು ಅಳಿಸಿಲ್ಲ. ಹೋದ ತಿಂಗಳು ಬಂದ ಗಿರಾಕಿಯೊಬ್ಬ ಅದನ್ನು ನೋಡಿ, ‘ಇದು ಮಾಡರ್ನ್ ಆರ್ಟಾ ಸಾರ್?’ ಎಂದು ಕೇಳಿದ. ಹೌದಪ್ಪ, ಕಲಾವಿದರು ಫಾರಿನ್ನಿನಲ್ಲಿದ್ದಾರೆ ಅಂದೆ. ನಂಬಿಬಿಟ್ಟ!

ಗೋಡೆ ಬರೆಯುವಾಗ ಸಾಲು ಹಾಕುತ್ತಿದ್ದುದು ನೆನಪಿದೆಯಾ? ದಾರಕ್ಕೆ ನೀಲಿ ಪುಡಿ ಸವರಿ, ಆ ತುದಿ ನೀನು, ಈ ತುದಿ ನಾನು ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಫಟ್ ಎಂದು ಗೋಡೆಯ ಮೇಲೆ ನೇರ ಗೆರೆ. ನೀನು ಯಾವಾಗಲೂ ನಿನ್ನ ತುದಿಯನ್ನು ಒಂದು ಬೆರಳು ಮೇಲೆ ಹಿಡಿಯುತ್ತಿದ್ದೆ. ‘ಇಳಿಸೋ’ ಅಂತ ನಾನು, ‘ನೀನು ಏರ್ಸೋ’ ಅಂತ ನೀನು. ಗೆರೆಗಿಂತ ಜಗಳವೇ ಉದ್ದ. ಈಗ ಆ ತುದಿಯನ್ನು ಮೊಳೆಗೆ ಕಟ್ಟುತ್ತೇನೆ. ಮೊಳೆ ಜಗಳಕ್ಕೆ ಬರುವುದಿಲ್ಲ. ಗೆರೆಯೂ ನೆಟ್ಟಗೆ ಬರುತ್ತದೆ. ಆದರೆ ಕೆಲಸ ಮುಗಿಸಿ ಕೆಳಗಿಳಿದಾಗ ‘ಹೇಗಿದೆಯೋ?’ ಅಂತ ಯಾರನ್ನು ಕೇಳಲಿ?

ಆ ಚುನಾವಣೆಯ ಕಥೆಯನ್ನು ನಿನ್ನ ಮಕ್ಕಳಿಗೆ ಹೇಳಿದ್ದೀಯೋ ಇಲ್ಲವೋ. ಕೊಡೆ ಗುರುತಿನವರ ಕೆಲಸವೂ ನಮಗೇ, ಏಣಿ ಗುರುತಿನವರ ಕೆಲಸವೂ ನಮಗೇ. ಬೆಳಿಗ್ಗೆ ಅವರ ಗೋಡೆ, ಮಧ್ಯಾಹ್ನ ಇವರ ಗೋಡೆ. ನಮ್ಮ ಏಣಿ ಮುರಿದಿತ್ತೆಂದು ನೀನು ಹೋಗಿ ಕೊಡೆಯ ಅಭ್ಯರ್ಥಿಯ ಮನೆಯಿಂದಲೇ ಒಂದು ಏಣಿ ಎರವಲು ತಂದೆ. ಅದನ್ನೇ ಪಕ್ಕದಲ್ಲಿ ಒರಗಿಸಿಕೊಂಡು, ಅದರ ಮೆಟ್ಟಿಲು ನೋಡಿ ನೋಡಿಕೊಂಡು, ಎದುರು ಪಕ್ಷದ ಏಣಿಯನ್ನು ಬರೆದೆ. ಒಂದು ಮೆಟ್ಟಿಲು ಸೀಳಿದ್ದನ್ನೂ ಬಿಡದೆ ಬರೆದೆ. ಸಂಜೆ ಆ ದಾರಿಯಲ್ಲಿ ಬಂದ ಅಭ್ಯರ್ಥಿ ಗೋಡೆ ನೋಡಿ ನಿಂತುಬಿಟ್ಟರು. ‘ಅಲ್ರೋ ಪಾಪಿಗಳಾ, ಇದು ನಮ್ಮನೆ ಏಣಿ ಅಲ್ವೇನ್ರೋ!’ ಅಂದರು. ಆಮೇಲೆ ಅವರೂ ನಕ್ಕರು, ಇಡೀ ಬೀದಿ ನಕ್ಕಿತು. ಆಗ ಚುನಾವಣೆ ಬಂತೆಂದರೆ ಬೀದಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹರೆಯದ ಹುಡುಗರು, ಹುಡುಗಿಯರು, ವಾದ, ಕೂಗಾಟ, ಬೆಳಿಗ್ಗೆ ಕೈ ಕೈ ಮಿಲಾಯಿಸಿ ಸಂಜೆ ಒಂದೇ ಲೋಟದ ಚಹಾ. ನಾವೆಲ್ಲ ಸೇರಿ ಈ ಊರನ್ನು ಉದ್ಧಾರ ಮಾಡಿಯೇ ಬಿಡುತ್ತೇವೆ ಎಂದು ಗಟ್ಟಿಯಾಗಿ ನಂಬಿದ್ದೆವು.

ನಂಬಿಕೆ ಸುಳ್ಳೇನೂ ಆಗಿರಲಿಲ್ಲ. ಬೀದಿ ದೀಪದ ಗಲಾಟೆಯನ್ನೇ ನೋಡು. ಕಂಬ ನೆಟ್ಟು ವರ್ಷವಾದರೂ ಬಲ್ಬ್ ಬಂದಿರಲಿಲ್ಲ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು. ಒಂದು ಮಟಮಟ ಮಧ್ಯಾಹ್ನ ನೀನು ಬೀದಿಯವರ ಕೈಗೆಲ್ಲ ಉರಿಯುವ ಲಾಂದ್ರ ಕೊಟ್ಟು ಪುರಸಭೆಗೆ ನುಗ್ಗಿಸಿದೆ. ಮೇಜಿನ ಕೆಳಗೆ, ಕಪಾಟಿನ ಹಿಂದೆ, ಕೊನೆಗೆ ಅಧಿಕಾರಿಯ ಕುರ್ಚಿಯ ಕೆಳಗೂ ಲಾಂದ್ರ ಹಿಡಿದು ಇಣುಕಿದೆ. ‘ಏನ್ರೀ ಇದು, ಏನ್ ಹುಡುಕ್ತಿದೀರಿ?’ ಎಂದು ಅವರು ಎದ್ದು ನಿಂತರೆ, ‘ನಮ್ಮ ಬೀದಿ ಬಲ್ಬು ಸಾರ್. ನಿಮ್ಮ ಆಫೀಸಿಂದ ಹೊರಟಿದೆ ಅಂದಿದ್ರಿ, ಇನ್ನೂ ಮನೆಗೆ ಬಂದಿಲ್ಲ, ಅದಕ್ಕೇ ಗಾಬರಿ’ ಅಂದೆ. ಗುಮಾಸ್ತರೆಲ್ಲ ಕಡತ ಅಡ್ಡ ಹಿಡಿದು ನಕ್ಕರು. ಅದೇ ವಾರ ದೀಪ ಹತ್ತಿತು. ನಿನಗೆ ಹೆಸರು ಬಂತು. ಮುಂದಿನ ಸಲ ಲಾಂದ್ರನೇ ಮೆಂಬರ್ ಎಂದು ಹೆಂಗಸರು ಮಕ್ಕಳೆಲ್ಲ ಬಾಯಿ ಬಿಟ್ಟು ಹೇಳತೊಡಗಿದರು.

ಆಗಲೇ ನಮ್ಮ ಮೆಂಬರ್ ಅಂಗಡಿಗೆ ಬಂದದ್ದು. ಆಗಿನ್ನೂ ಹೊಸಬ, ತಲೆ ತುಂಬ ಕೂದಲಿತ್ತು. ನಮ್ಮ ಮುರುಕು ಸ್ಟೂಲಿನ ಮೇಲೆ ಕೂತು ನಿನ್ನ ಬೆನ್ನು ತಟ್ಟಿ, ‘ಇಷ್ಟು ಬುದ್ಧಿ ಇಟ್ಕೊಂಡು ಇಲ್ಲಿ ಯಾಕೋ ಕೊಳೀತೀಯಾ? ಹೊರಗೆ ಹೋಗಪ್ಪ. ಕಾಗದಪತ್ರದ ಯೋಚನೆ ನನಗೆ ಬಿಡು’ ಅಂದ. ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆವು ನಾವು! ನೀನು ಅವನ ಕಾಲಿಗೆ ಬೀಳುವುದೊಂದು ಬಾಕಿ. ನಿನಗೂ ಬೇಕಿತ್ತು, ಸುಳ್ಳೇಕೆ. ನಿನ್ನ ಅಮ್ಮನ ಔಷಧಿ, ತಂಗಿಯ ಮದುವೆ, ಸೋರುವ ಮಾಡು. ಬೋರ್ಡ್ ಬರೆದು ಅದನ್ನೆಲ್ಲ ದಾಟಲು ಆಗುತ್ತಿರಲಿಲ್ಲ.

ನಿನ್ನ ಕಬ್ಬಿಣದ ಪೆಟ್ಟಿಗೆಗೆ ಹೆಸರು ಬರೆದವನು ನಾನು. ನೀನು, ‘ಲೋ ಬೋರ್ಡು, ಚೆನ್ನಾಗಿ ಬರಿಯೋ, ಹೊರದೇಶದವರು ನೋಡ್ತಾರೆ, ನಮ್ಮ ಊರಿನ ಮರ್ಯಾದೆ’ ಅಂದೆ. ನಾನು ಇಡೀ ದಿನ ಕೂತು ಬರೆದೆ. ಬಿಳಿ ಅಕ್ಷರ, ಕಪ್ಪು ನೆರಳು, ಅಂಚಿಗೆ ಚಿನ್ನದ ಬಣ್ಣ. ಬೀದಿಯವರೆಲ್ಲ ಬಂದು ನೋಡಿ ಹೋದರು. ಬಸ್ ನಿಲ್ದಾಣದಲ್ಲಿ ಎಲ್ಲರ ಮುಖದಲ್ಲೂ ನಗು. ಮೆಂಬರ್ ಬಂದು ಕೈ ಕುಲುಕಿದ. ನಿನ್ನ ಅಮ್ಮ ನಾಲ್ಕು ಜನಕ್ಕೆ ಕೇಳಿಸುವ ಹಾಗೆ, ‘ಹೋಗು, ಇಲ್ಲಿದ್ದು ಏನ್ ಮಾಡ್ತೀಯಾ’ ಅಂದರು. ನಾನು ನಿನ್ನ ಪೆಟ್ಟಿಗೆಯನ್ನು ಬಸ್ಸಿನ ಮೇಲಕ್ಕೆ ಏರಿಸಿ, ಹೆಸರು ಹೊರಗೆ ಕಾಣುವಂತೆ ತಿರುಗಿಸಿ ಇಟ್ಟು ಇಳಿದೆ. ಬಸ್ ತಿರುವು ದಾಟಿದ ಮೇಲೂ ಹೆಮ್ಮೆಯಲ್ಲೇ ನಿಂತಿದ್ದೆ. ಅಂಗಡಿಗೆ ಬಂದು ಬೀಗ ತೆಗೆಯುವಾಗ ಅಳು ಬಂತು.

ಅಲ್ಲಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಬೀದಿಯಿಂದ ಯಾರೇ ದೇಶ ಬಿಟ್ಟು ಹೊರಟರೂ ಪೆಟ್ಟಿಗೆ ನನ್ನ ಮೇಜಿಗೆ ಬರಬೇಕು, ನಾನು ಹೆಸರು ಬರೆಯಬೇಕು. ಕಾಸು ತೆಗೆದುಕೊಳ್ಳುವುದಿಲ್ಲ. ಬೋರ್ಡಣ್ಣನ ಕೈಯಲ್ಲಿ ಬರೆಸಿದರೆ ಪ್ರಯಾಣ ಸಲೀಸು ಎಂದು ಯಾರೋ ಪುಕಾರು ಹಬ್ಬಿಸಿದರು. ಕಬ್ಬಿಣದ ಪೆಟ್ಟಿಗೆ ಹೋಗಿ ಗಾಲಿ ಸೂಟ್‌ಕೇಸ್ ಬಂತು. ಅದರ ಮೇಲೆ ಇನಾಮಲ್ ನಿಲ್ಲುವುದಿಲ್ಲ, ಬೇರೆ ಬಣ್ಣ ತರಿಸಿದೆ. ಟೈಲರನ ಮಗ, ಮೇಷ್ಟರ ಅವಳಿ ಮಕ್ಕಳು, ನರ್ಸಮ್ಮನ ಮಗಳು, ಆಮೇಲೆ ನರ್ಸಮ್ಮನೂ. ಮೊದಮೊದಲು ಪ್ರತಿಯೊಂದಕ್ಕೂ ನೆರಳು, ಅಂಚು ಎಲ್ಲ ಹಾಕುತ್ತಿದ್ದೆ. ಬರುಬರುತ್ತ ಸಾಲು ಉದ್ದವಾಯಿತು, ನೆರಳು ಬಿಟ್ಟೆ. ಈಗ ಬರೀ ಹೆಸರು.

ಊರಿನ ಬದುಕು ಹೇಗಿದೆ ಎಂದು ನೀನು ಕೇಳುತ್ತಿರುತ್ತೀಯಲ್ಲ. ನನ್ನ ಬೋರ್ಡುಗಳನ್ನು ಕೇಳು, ಅವು ಹೇಳುತ್ತವೆ. ಆಗ ಏನು ಬರೆಯುತ್ತಿದ್ದೆವು? ಸೈಕಲ್ ರಿಪೇರಿ, ಪಂಪ್‌ಸೆಟ್ ರಿಪೇರಿ, ಮುದ್ರಣಾಲಯ, ಬೀಗದ ಕಾರ್ಖಾನೆ. ಈಗ ಬರೆಯುವುದು ಪರಭಾಷೆ ಕಲಿಸುವ ಕೋಚಿಂಗ್, ವೀಸಾ ಸಲಹೆ, ಹಣ ವರ್ಗಾವಣೆ, ಮನೆ ಬಾಡಿಗೆಗಿದೆ, ವಯಸ್ಸಾದವರನ್ನು ನೋಡಿಕೊಳ್ಳಲಾಗುವುದು. ಬೀಗದ ಕಾರ್ಖಾನೆ ಮುಚ್ಚಿತು, ಬೀಗ ಹಾಕಿದ ಮನೆಗಳಿಗೇನೂ ಕೊರತೆಯಿಲ್ಲ! ನಿಮ್ಮ ದುಡ್ಡಿನಲ್ಲಿ ಎದ್ದ ಮೂರಂತಸ್ತಿನ ಮನೆಗಳಲ್ಲಿ ಕೆಳಗಿನ ಒಂದು ಕೋಣೆಯಲ್ಲಿ ಮಾತ್ರ ಟಿ.ವಿ. ಸದ್ದು.

ಲೇತ್ ಅಜ್ಜ ನೆನಪಿರಬೇಕು. ಅವರ ಲೇತಿನ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವುದನ್ನು ಕಲಿಯದ ಹುಡುಗ ನಮ್ಮ ಕಾಲದಲ್ಲಿ ಯಾರಿದ್ದ? ನೀನು ಹೋದ ಮೇಲೆ ಒಬ್ಬೊಬ್ಬನಿಗೂ ಕೈ ಹಿಡಿದು ಕೆಲಸ ಕಲಿಸಿದರು. ಕೈ ಪಳಗಿತು ಅನ್ನುವಷ್ಟರಲ್ಲಿ ಅವನು ಪೆಟ್ಟಿಗೆ ಹಿಡಿದು ನನ್ನ ಅಂಗಡಿಯಲ್ಲಿ. ಒಂದು ಸಂಜೆ ಬಂದು ಕೂತು, ‘ನಾನು ಕಾರ್ಖಾನೆ ನಡೆಸ್ತಿಲ್ಲ ಕಣಯ್ಯಾ, ಬಸ್ ಸ್ಟ್ಯಾಂಡ್ ನಡೆಸ್ತಿದೀನಿ’ ಅಂದರು. ನಗುತ್ತಲೇ ಅಂದರು. ಹೊರದೇಶದ ದುಡ್ಡು ಬಂದು ಶೆಡ್ಡಿನ ಜಾಗಕ್ಕೆ ಚಿನ್ನದ ಬೆಲೆಯಾಯಿತು, ಮಾರಿಬಿಟ್ಟರು. ಈಗ ಪಂಪಿನ ಒಳಗಿನ ಬುಷ್ ಬಳೆ ಒಂದು ಸವೆದರೂ ದೂರದ ಪಟ್ಟಣಕ್ಕೆ ಕಳಿಸಬೇಕು. ಇಲ್ಲಿರುವ ಹುಡುಗರು ಕೆಲಸ ಕಲಿಯುವುದಿಲ್ಲ. ಯಾಕೆಂದು ಕೇಳಿದರೆ, ‘ಹೇಗೂ ಹೋಗೋದೇ ಅಲ್ವಾ’ ಅನ್ನುತ್ತಾರೆ. ವೀಸಾ ಕಾಯುವುದೇ ಅವರ ಉದ್ಯೋಗ. ವಯಸ್ಸು ಕಳೆಯುತ್ತಿದೆ, ಕಟ್ಟೆಯ ಮೇಲೆ ಕೂತೇ ಇದ್ದಾರೆ.

ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ ಕಣೋ. ನೀವು ಕಳಿಸುವ ದುಡ್ಡಿಲ್ಲದಿದ್ದರೆ ಈ ಬೀದಿಯ ಎಷ್ಟೋ ಒಲೆ ಆರಿಹೋಗುತ್ತಿತ್ತು. ನನ್ನ ಕಣ್ಣಿನ ಆಪರೇಷನ್ನಿಗೆ ಕಳಿಸಿದವನೂ ನೀನೇ, ಕೇಳದೆ ಕಳಿಸಿದೆ. ಅಲ್ಲಿ ನೀನು ಹಡಗಿನ ಹೊಟ್ಟೆಗೆ ಹಗ್ಗದಲ್ಲಿ ನೇತಾಡಿಕೊಂಡು ಒಂದೇ ಬೂದು ಬಣ್ಣ ಹೊಡೆದ ದುಡ್ಡು ಅದು. ಅಕ್ಷರಕ್ಕೆ ಬಾಗು ಕೊಡುತ್ತಿದ್ದ ಕೈ! ಅದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ಆದರೆ ಒಂದು ಸಭೆಗೆ ನೀನು ಬರಬೇಕಿತ್ತು. ಮೆಂಬರ್ ಹೋದ ತಿಂಗಳು ಮೈಕ್ ಹಿಡಿದು, ‘ಇಡೀ ಊರಲ್ಲಿ ಅತಿ ಹೆಚ್ಚು ಯುವಕರನ್ನು ಹೊರದೇಶಕ್ಕೆ ಕಳಿಸಿದ ವಾರ್ಡು ನಮ್ಮದು! ದೇಶದ ಬೊಕ್ಕಸ ತುಂಬ್ತಿರೋರು ನಮ್ಮ ಮಕ್ಕಳು!’ ಅಂದ. ಚಪ್ಪಾಳೆ. ನಾನೂ ತಟ್ಟಿದೆ, ಅಭ್ಯಾಸಬಲ. ಆಮೇಲೆ ಸುತ್ತ ನೋಡಿದೆ. ಕೂತವರೆಲ್ಲ ಬೋಳು ತಲೆ, ನರೆತ ತಲೆ. ನೀನಿದ್ದಿದ್ದರೆ ಎದ್ದು ನಿಂತು, ‘ಅವರನ್ನೆಲ್ಲ ಇಟ್ಕೊಳ್ಳೋಕೆ ನಿಮ್ಮ ಕೈಲಿ ಯಾಕೆ ಆಗಲಿಲ್ಲ ಸಾರ್?’ ಎಂದು ಕೇಳುತ್ತಿದ್ದೆ. ಕೇಳುವ ಬಾಯಿಗಳೆಲ್ಲ ಹೊರಗೆ ದುಡಿಯುತ್ತಿವೆ. ಅವನು ಆರಾಮಾಗಿ ಗೆಲ್ಲುತ್ತಾನೆ. ಹೋದ ಸಲ ಎದುರಿಗೆ ನಿಲ್ಲಲು ಜನವೇ ಸಿಗದೆ ಅವಿರೋಧವಾಗಿ ಆಯ್ಕೆಯಾದ. ನನಗೆ ಬರೆಯಲು ಒಂದು ಗೋಡೆಯೂ ಸಿಗಲಿಲ್ಲ.

ಈಗ ಗುಂಡುಸೂಜಿಯ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯ ಲ್ಯಾಬಿನಲ್ಲಿ ಮೊದಲು ಒಂದು ಗುಂಪೇ ಇತ್ತು. ಒಬ್ಬೊಬ್ಬರಾಗಿ ಹೋದರು, ಅವರ ಸೂಟ್‌ಕೇಸೂ ನನ್ನಲ್ಲಿಗೇ ಬಂದಿತ್ತು. ಈಗ ಇವಳೊಬ್ಬಳೇ. ಬೆಳಿಗ್ಗೆ ಸೂಜಿ ಹಿಡಿದರೆ ಸಂಜೆಗೆ ಬಿಡುವು. ಆಸ್ಪತ್ರೆಯ ಎದುರಿಗೆ ಮೆಂಬರಿನ ಬಾಮೈದ ಒಂದು ಖಾಸಗಿ ಲ್ಯಾಬ್ ತೆಗೆದ. ಅವತ್ತಿನಿಂದ ಸರ್ಕಾರಿ ಲ್ಯಾಬಿಗೆ ಪರೀಕ್ಷೆಯ ರಾಸಾಯನಿಕ ಬರುವುದು ಕುಂಟುತೊಡಗಿತು. ಬಂದರೂ ಒಳಗೆ ಪರೀಕ್ಷೆ ಇಲ್ಲ ಎಂದು ಬಾಮೈದನ ಕಡೆಯವರು ಗೇಟಿನಲ್ಲೇ ಜನರನ್ನು ಎದುರಿನ ಲ್ಯಾಬಿಗೆ ತಿರುಗಿಸತೊಡಗಿದರು. ಬಸುರಿಯರು, ಮುದುಕರು, ಕೂಲಿಯವರು, ಎಲ್ಲರೂ ರಸ್ತೆ ದಾಟಿ ದುಡ್ಡು ಕೊಟ್ಟು ಬರುತ್ತಿದ್ದರು.

ಒಂದು ದಿನ ಅವಳು ಅಂಗಡಿಗೆ ಬಂದು, ‘ಮಾವ, ಒಂದು ಬೋರ್ಡ್ ಬೇಕು, ದೊಡ್ಡದು, ಕುರುಡರಿಗೂ ಕಾಣ್ಬೇಕು’ ಅಂದಳು. ಇಂತಿಂಥ ಪರೀಕ್ಷೆ ಇಂದು ಒಳಗೆ ಉಚಿತ ಎಂದು ಬರೆಸಿದಳು. ಅದನ್ನು ಹೊತ್ತುಕೊಂಡು ಹೋಗಿ ಆಸ್ಪತ್ರೆಯ ಗೋಡೆಗೆ, ಸರಿಯಾಗಿ ಬಾಮೈದನ ಬಾಗಿಲಿಗೆ ಎದುರಾಗಿ ನೇತುಹಾಕಿದಳು. ಎರಡು ಸಲ ಕಿತ್ತೆಸೆದರು. ಮೂರನೆಯ ಸಲ ಗೋಡೆಯ ಮೇಲೇ ಬರೆಸಿದಳು. ಕಿತ್ತುಹಾಕಲಿ ನೋಡೋಣ! ಏಣಿಯ ಮೇಲೆ ನಿಂತು ನೆರಳು, ಅಂಚು ಸಮೇತ ಬರೆದೆ. ಎಷ್ಟೋ ಕಾಲದ ಮೇಲೆ ಬರೆಯಲು ಯೋಗ್ಯವಾದದ್ದೊಂದು ಸಿಕ್ಕಿತ್ತು. ಹೆಂಗಸರು ಗುಂಪು ಕೂಡಿದರು, ಗೇಟಿನಲ್ಲಿ ತಾವೇ ನಿಂತು ಜನರನ್ನು ಒಳಗೆ ಕಳಿಸಿದರು. ರಾಸಾಯನಿಕವೂ ಸರಿಯಾಗಿ ಬರತೊಡಗಿತು. ‘ನೀನೇ ನಿಂತ್ಕೋಬೇಕು ಕಣೇ’ ಅನ್ನುವ ಮಾತು ಹುಟ್ಟಿದ್ದು ಆ ಗೇಟಿನಲ್ಲಿ.

ಆ ವಾರವೇ ಮೆಂಬರ್ ನಮ್ಮ ಮನೆಗೆ ಬಂದ. ಈಗ ಕೂದಲಿಲ್ಲ, ಮಾತು ಮಾತ್ರ ಹಾಗೇ ಇದೆ. ಗುಂಡುಸೂಜಿಯ ತಲೆ ಸವರಿ, ‘ಇಷ್ಟು ಬುದ್ಧಿ ಇಟ್ಕೊಂಡು ಇಲ್ಲಿ ಯಾಕಮ್ಮಾ ಕೊಳೀತೀಯಾ? ಹೊರಗೆ ಹೋಗು. ಕಾಗದಪತ್ರದ ಯೋಚನೆ ನನಗೆ ಬಿಡು’ ಅಂದ.

ಲಾಂದ್ರ, ನನ್ನ ಕೈಯಲ್ಲಿದ್ದ ಚಹಾ ಲೋಟ ಅಲ್ಲೇ ನಿಂತಿತು. ಅಕ್ಷರ ಅಕ್ಷರ ಅದೇ ಮಾತು. ಇಷ್ಟು ವರ್ಷ ಈ ಬೀದಿಯಲ್ಲಿ ಯಾರು ತಲೆ ಎತ್ತಿದರೋ ಅವರಿಗೆಲ್ಲ ಅವನು ಇದನ್ನೇ ಹೇಳಿದ್ದಾನೆ. ಹೊಡೆಯಲಿಲ್ಲ, ಬಡಿಯಲಿಲ್ಲ, ಜೈಲಿಗೆ ಹಾಕಿಸಲಿಲ್ಲ. ಬೆನ್ನು ತಟ್ಟಿ ಬಸ್ ಹತ್ತಿಸಿದ. ಅವರಿಗೂ ಒಳ್ಳೆಯದಾಯಿತು, ಅವನಿಗೂ ಒಳ್ಳೆಯದಾಯಿತು. ಅದಕ್ಕೇ ನಮಗೆ ಗೊತ್ತಾಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಅವನನ್ನು ಬೈದು ಅಟ್ಟೋಣವೆಂದರೆ ಏನೆಂದು ಬೈಯಲಿ? ಹುಡುಗಿಗೆ ಒಳ್ಳೆಯದು ಬಯಸಿದ್ದಕ್ಕೆ ಬೈಯಲೇ? ಎರಡು ದಿನ ಬಿಟ್ಟು ನಿನ್ನ ಫೋನ್ ಬಂತು. ನಿನ್ನ ಹೆಂಡತಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳಲ್ಲ, ಆ ಆಸ್ಪತ್ರೆಯ ಲ್ಯಾಬಿನಲ್ಲಿ ಜಾಗವಿದೆ, ಕಳಿಸು ಅಂದೆ. ನೀನು ಪ್ರೀತಿಯಿಂದಲೇ ಅಂದೆ, ನನಗೆ ಗೊತ್ತು. ಅವನು ಹೇಳಿದ್ದೂ ನೀನು ಹೇಳಿದ್ದೂ ಒಂದೇ ಆಗಿಬಿಟ್ಟಿತಲ್ಲ, ಅದೇ ನನ್ನ ಸಂಕಟ. ಅವನು ಕಾಗದಪತ್ರಗಳನ್ನು ಓಡಿಸಿದ, ವೀಸಾ ಬಂದೇ ಬಂತು.

ಮೊನ್ನೆ ಸಂಜೆ ಅವಳು ಹೊಸ ಸೂಟ್‌ಕೇಸ್ ತಂದು ನನ್ನ ಮೇಜಿನ ಮೇಲಿಟ್ಟಳು. ನೀಲಿ ಬಣ್ಣದ್ದು. ‘ಬರೀರಿ ಮಾವ’ ಅಂದಳು. ಮುಖ ಬಾಡಿತ್ತು. ಇಲ್ಲಿ ಅವಳಿಗೆ ಕೆಲಸ ಖಾಯಂ ಇಲ್ಲ, ಸಂಬಳ ಮೂರು ತಿಂಗಳಿಗೊಮ್ಮೆ. ನಿಂತರೆ ಗೆಲ್ಲುತ್ತಾಳೆ ಅನ್ನುವ ನೆಚ್ಚಿಗೆಯೂ ಇಲ್ಲ. ಅವಳಿಗೆ ಮತ ಹಾಕಬೇಕಾದವರೆಲ್ಲ ನಿನ್ನ ಹಾಗೆ ಹೊರಗಿದ್ದಾರೆ. ಸೋತರೆ ಇದ್ದ ಕೆಲಸವನ್ನೂ ಅವನು ಕಿತ್ತುಕೊಳ್ಳುತ್ತಾನೆ. ಇದೆಲ್ಲ ನನಗೆ ಗೊತ್ತು. ಬ್ರಷ್ ತೊಳೆದೆ, ಡಬ್ಬಿಯ ಮುಚ್ಚಳ ತೆಗೆದೆ, ಬಣ್ಣ ಕಲಸಿದೆ. ಆದರೆ ಬರೆಯಲು ಆಗಲಿಲ್ಲ ಕಣೋ.

‘ಹೋಗಬೇಡ’ ಅಂದೆ.

ಬಾಯಿಂದ ಬಂದದ್ದು ನನಗೇ ಹೊಸದು. ಅವಳು ನನ್ನನ್ನೇ ನೋಡಿದಳು. ಸಿಟ್ಟು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ‘ಇಷ್ಟು ಪೆಟ್ಟಿಗೆಗೆ ಹೆಸರು ಬರೆದ್ರಲ್ಲ ಮಾವ, ಯಾರಿಗಾದ್ರೂ ಈ ಮಾತು ಹೇಳಿದ್ರಾ?’ ಎಂದು ಕೇಳಿದಳು. ಇಲ್ಲ ಅಂದೆ. ‘ಲಾಂದ್ರ ಮಾಮನಿಗೆ?’ ಇಲ್ಲ ಅಂದೆ. ‘ಬೇರೆ ಯಾರಾದ್ರೂ ಹೇಳಿದ್ರಾ ಅವರಿಗೆ?’ ನಾನು ಬಸ್ ನಿಲ್ದಾಣದ ಒಂದೊಂದು ಮುಖವನ್ನೂ ನೆನಪಿಗೆ ತಂದುಕೊಂಡೆ. ಯಾರೂ ಹೇಳಿರಲಿಲ್ಲ. ಹೋಗಿ ಬಾ, ಚೆನ್ನಾಗಿರು, ಅಷ್ಟೇ. ನಿನ್ನನ್ನು ಮೆಂಬರ್ ಮಾಡುತ್ತೇವೆ ಎಂದಿದ್ದ ಬೀದಿಗೆ ಬೀದಿಯೇ ನಗುನಗುತ್ತ ಕೈ ಬೀಸಿತ್ತು.

ಅವಳು ಸೂಟ್‌ಕೇಸಿನ ಪಕ್ಕದಲ್ಲಿ ಮೇಜು ಹತ್ತಿ ಕೂತಳು, ಚಿಕ್ಕಂದಿನಲ್ಲಿ ಕೂರುತ್ತಿದ್ದಳಲ್ಲ, ಹಾಗೆ. ‘ಹಾಗಾದ್ರೆ ಅವರನ್ನ ಒಂದು ಮಾತು ಕೇಳಿ ಮಾವ. ಅವತ್ತು ಯಾರಾದ್ರೂ ಒಬ್ಬರು ಹೋಗಬೇಡ ಅಂದಿದ್ರೆ ಅವರು ಇರ್ತಿದ್ರಾ? ಇಲ್ಲ, ಯಾರು ಏನೇ ಅಂದ್ರೂ ಹೋಗ್ತಾನೇ ಇದ್ದೆ ಅಂತಾರಾ? ಹೋಗ್ತಾನೇ ಇದ್ದೆ ಅಂದ್ರೆ ನಾನೂ ಹೋಗ್ತೀನಿ. ಯಾರನ್ನೂ ಹಿಡಿದಿಟ್ಟುಕೊಳ್ಳೋಕೆ ಆಗದೇ ಇರೋ ಬೀದಿಗೋಸ್ಕರ ನಾನೊಬ್ಬಳು ಯಾಕೆ ತಲೆ ಒಡಕೊಳ್ಳಲಿ? ಆದರೆ ಇರ್ತಿದ್ದೆ ಅಂದ್ರೆ...’ ಅಂದು ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. ಆಮೇಲೆ ತಾನೇ, ‘ಇರ್ತಿದ್ದೆ ಅಂದ್ರೆ ಇಲ್ಲಿ ಜನರನ್ನ ಉಳಿಸ್ಕೋಬಹುದು ಅಂತ ಆಯ್ತಲ್ಲ. ಯಾರೂ ಪ್ರಯತ್ನ ಮಾಡಿಲ್ಲ ಅಷ್ಟೇ ಅಂತ ಆಯ್ತಲ್ಲ. ಆಗ ಶುಕ್ರವಾರ ಹೋಗಿ ನಾಮಪತ್ರ ಹಾಕ್ತೀನಿ’ ಅಂದಳು.

ಇದೇ ಪ್ರಶ್ನೆ. ನೋಡು, ಎಷ್ಟು ಸಣ್ಣದು.

ನನ್ನನ್ನು ಮೆಚ್ಚಿಸಲು ಹೋಗಿ ಸುಳ್ಳು ಹೇಳಬೇಡ. ನನಗೆ ಬೇಜಾರಾಗುತ್ತದೆಂದು ಇರುತ್ತಿದ್ದೆ ಅನ್ನಬೇಡ. ನಿನ್ನ ಹೆಂಡತಿ ಮಕ್ಕಳು ಪಕ್ಕದಲ್ಲಿದ್ದಾರೆಂದು ಹೋಗುತ್ತಿದ್ದೆ ಅನ್ನಬೇಡ. ಹೊರಗೆ ನಡೆದು ಹೋಗಿ, ಒಂದು ಕಡೆ ಕೂತು, ಆ ದಿನದ ಬಸ್ಸಿನಲ್ಲಿ ನಿನ್ನನ್ನು ನೀನೇ ಕೂರಿಸಿಕೊಂಡು ಯೋಚಿಸು. ಕಿಟಕಿಯ ಪಕ್ಕ ಕೂತಿದ್ದೆಯಲ್ಲ, ನಾನು ಕೆಳಗೆ ನಿಂತಿದ್ದೆ. ನೀನು ಏನೋ ಕಾಯುವವನ ಹಾಗೆ ನನ್ನನ್ನು ನೋಡುತ್ತಿದ್ದೆ. ನಾನು ಪೆಟ್ಟಿಗೆ ಭದ್ರವಾಗಿದೆ ಎಂದು ಕೈಸನ್ನೆ ಮಾಡಿದೆ. ನೀನು ತಲೆಯಾಡಿಸಿದೆ. ಈ ಎರಡು ದಿನಗಳಿಂದ ನನಗೆ ಆ ನೋಟದ್ದೇ ಯೋಚನೆ. ಅದು ಬರೀ ಪೆಟ್ಟಿಗೆಯ ಚಿಂತೆಯಾಗಿತ್ತೇನೋ. ಹಾಗೇ ಇರಲಿ ಎಂದು ಹಾರೈಸುತ್ತೇನೆ. ಹಾಗಿಲ್ಲದಿರಲಿ ಎಂದೂ ಹಾರೈಸುತ್ತೇನೆ. ನನ್ನ ಬುದ್ಧಿ ಹೀಗೆ ಕೆಟ್ಟು ಕೂತಿದೆ.

ಅವಳು ಬರುವುದಾದರೆ ನಿನ್ನ ಮನೆಯಲ್ಲಿ ಸ್ವಲ್ಪ ದಿನ ಇಟ್ಟುಕೋ. ಊಟದ ಹೊತ್ತಿಗೆ ಕರೆಯದಿದ್ದರೆ ಉಣ್ಣುವುದಿಲ್ಲ, ಜಂಬದ ಹುಡುಗಿ. ನಿಲ್ಲುವುದಾದರೆ ಇಲ್ಲಿ ನಾನಿದ್ದೇನೆ. ಏಣಿ ಹತ್ತಲು ಈಗಲೂ ಕಾಲು ಬರುತ್ತದೆ.

ಉತ್ತರವನ್ನು ಅವಳಿಗೇ ಫೋನ್ ಮಾಡಿ ಹೇಳು, ಶುಕ್ರವಾರಕ್ಕೆ ಮೊದಲು. ನನಗೆ ಹೇಳಬೇಡ ಲಾಂದ್ರ. ನೀನು ಹೋಗುತ್ತಲೇ ಇದ್ದೆ ಅಂದರೆ ಹೇಗೋ ತಡೆದುಕೊಂಡೇನು, ಬೀದಿ ಇಷ್ಟೇ ಅಂದುಕೊಂಡೇನು. ಒಂದೇ ಒಂದು ಮಾತಿಗೆ ನೀನು ಬಸ್ ಇಳಿದುಬರುತ್ತಿದ್ದೆ ಅನ್ನುವುದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ.

ನಿನ್ನ ಹಗ್ಗ ಗಟ್ಟಿಯಾಗಿರಲಿ, ಮೊಣಕಾಲಿನ ನೋವು ಇಳಿಯಲಿ, ನಿನ್ನ ಮಕ್ಕಳು ಸಿಟ್ಟು ಬಂದಾಗಲಾದರೂ ನಮ್ಮ ಭಾಷೆಯಲ್ಲಿ ಬೈದಾಡಲಿ. ಎಲ್ಲೇ ಇರು, ತಣ್ಣಗಿರು.

ನಿನ್ನ
ಬೋರ್ಡು